ಇಂಗ್ಲಿಷ್ ವಿಭಾಗದ ಬಾಗಿಲು ಮತ್ತು ನಮ್ಮ ಕೇರಿ

1856ನೆಯ ಇಸವಿ ಜೂನ್ ತಿಂಗಳು. ಧಾರವಾಡದ ಒಬ್ಬ ಮಹಾರ ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದ. ಎಲ್ಲರಂತೆ ಫೀ ಕೊಡಲು ತಯಾರಿದ್ದೇನೆ, ಆದರೂ ಸರಕಾರಿ ಸಾಲೆಯಲ್ಲಿ ನನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಎಂಬುದು ಅವನ ಫಿರ್ಯಾದಿ. ಜುಲೈ 21ರಂದು ಸರಕಾರ ಠರಾವು ಮಾಡಿತು. ನ್ಯಾಯವೇನೋ ಅರ್ಜಿದಾರನ ಕಡೆಗೇ ಇದೆ, ಆದರೆ ಒಬ್ಬಿಬ್ಬರ ಸಲುವಾಗಿ ತಲತಲಾಂತರದ ಪೂರ್ವಗ್ರಹಗಳಿಗೆ ಕೈಹಚ್ಚಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆ ಆದೀತು, ಇದು ಠರಾವಿನ ಸಾರ. ಮುಂದೆ ಕಲ್ಕತ್ತೆಯ ಸರಕಾರ ಇದನ್ನು ಒಪ್ಪಲಿಲ್ಲ. ಲಂಡನ್ನಿನ ಡೈರೆಕ್ಟರರೂ ಸರಕಾರಿ ಸಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದರು. ಆದರೆ ಹುಡುಗ ಹೊರಗೆ ನಿಂತಾಗಿತ್ತು. ಅವನ ಹೆಸರು ನಮಗೆ ಉಳಿದಿಲ್ಲ. ಬಾಬಾಸಾಹೇಬರು ತಮ್ಮ ಬರೆಹದಲ್ಲಿ ಈ ಪ್ರಕರಣವನ್ನು ಎತ್ತಿ ತೋರಿಸದೆ ಇದ್ದಿದ್ದರೆ ಧಾರವಾಡದವರಾದ ನಮಗೇ ಇದು ಗೊತ್ತಾಗುತ್ತಿರಲಿಲ್ಲವೇನೋ. ನಮ್ಮ ಊರನ್ನು ವಿದ್ಯಾಕಾಶಿ ಅನ್ನುವವರು ಈ ಕತೆಯನ್ನು ಹೇಳುವುದಿಲ್ಲ.

ಇದನ್ನು ಈಗ ಯಾಕೆ ತೆಗೆದಿರಿ ಎಂದು ಕೇಳಬಹುದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ಸಭೆಗೆ ಹೋದಲ್ಲೆಲ್ಲ ಒಂದಿಬ್ಬರು ಹುಡುಗರು, ಈಗೀಗ ಹುಡುಗಿಯರೂ, ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಒಂದೇ ಮಾತು ಕೇಳುತ್ತಾರೆ. "ಸರ್, ಇಂಗ್ಲಿಷ್ ಎಂ.ಎ. ಮುಗಿಸೇನಿ. ಪಿಎಚ್.ಡಿ. ಮಾಡ್ಲ್ಯೋ ಬ್ಯಾಡೋ?" ಸಭೆಯ ನಡುವೆ ಎದ್ದು ನಿಂತು ಇದನ್ನು ಕೇಳುವ ಧೈರ್ಯ ಅವರಿಗಿಲ್ಲ. ಕೇಳಿದರೆ ನಗುತ್ತಾರೆ ಎಂಬ ಹೆದರಿಕೆ. ನಗುವವರು ನಮ್ಮವರೇ ಎಂಬುದು ದುಃಖದ ಸಂಗತಿ. ಆದ್ದರಿಂದ ಉತ್ತರವನ್ನು ಎಲ್ಲರ ಎದುರಿಗೇ ಬರೆಯುತ್ತಿದ್ದೇವೆ.

ಮಾಡಿರಿ. ಇದು ನಮ್ಮ ಉತ್ತರ. ಇನ್ನು ಅದರ ಕಷ್ಟಗಳ ಮಾತು.

ಮೊದಲ ತಕರಾರು ಮನೆಯದು. ಹತ್ತಿ ಬಿಡಿಸಲಿಕ್ಕೆ, ಮೆಣಸಿನಕಾಯಿ ಹರಿಯಲಿಕ್ಕೆ ಹೋಗಿ ಬಂದ ಅವ್ವ ಕೇಳುತ್ತಾಳೆ: "ಇನ್ನೂ ಎಷ್ಟ ವರ್ಷ ಸಾಲೀ ಕಲಿತೀಯೋ ಯಪ್ಪಾ?" ಈ ಪ್ರಶ್ನೆಗೆ ಸಿದ್ಧಾಂತದಿಂದ ಉತ್ತರ ಕೊಡಲು ಬರುವುದಿಲ್ಲ. ರೊಕ್ಕದಿಂದ ಕೊಡಬೇಕು. ಆ ಲೆಕ್ಕವನ್ನು ಮುಂದೆ ಹೇಳುತ್ತೇವೆ.

ಎರಡನೆಯ ತಕರಾರು ನಮ್ಮ ಸಂಗಾತಿಗಳದು. ಶೇಕ್ಸ್‌ಪಿಯರ್, ಮಿಲ್ಟನ್ ಓದಿದರೆ ಕೂಲಿಕಾರನ ಹೊಟ್ಟೆ ತುಂಬುತ್ತದೆಯೇ? ಅದು ಬಿಳಿಯರ ಸಾಹಿತ್ಯ, ಆಮೇಲೆ ಅಗ್ರಹಾರದ ಆಸ್ತಿ, ನಮಗೇಕೆ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂಗ್ಲಿಷ್ ಸಾಹಿತ್ಯವನ್ನು ಒಂದು ಪಾಠವಾಗಿ ಕಲಿಸುವುದು ಇಂಗ್ಲೆಂಡಿಗಿಂತ ಮೊದಲು ನಮ್ಮ ದೇಶದ ಕಾಲೇಜುಗಳಲ್ಲಿ ಬೇರೂರಿತು ಎಂದು ಗೌರಿ ವಿಶ್ವನಾಥನ್ 1989ರ ತಮ್ಮ ಪುಸ್ತಕದಲ್ಲಿ ದಾಖಲೆ ಸಮೇತ ತೋರಿಸಿದ್ದಾರೆ. ಆಳುವವರಿಗೆ ಹೇಳಿದಂತೆ ಕೇಳುವ ಸುಸಂಸ್ಕೃತರು ಬೇಕಾಗಿದ್ದರು, ಅದಕ್ಕೆ ಸಾಹಿತ್ಯ ಅನುಕೂಲವಾಯಿತು. ಧಾರವಾಡದ ಹುಡುಗನ ಅರ್ಜಿ ತಿರಸ್ಕಾರವಾದ ಮರುವರ್ಷವೇ, 1857ರಲ್ಲಿ, ಮುಂಬಯಿ, ಕಲ್ಕತ್ತೆ, ಮದ್ರಾಸುಗಳಲ್ಲಿ ಯೂನಿವರ್ಸಿಟಿಗಳು ಹುಟ್ಟಿದವು. ಒಳಗೆ ಹೋಗಿ ಕೂತವರು ಯಾರು, ಹೊರಗೆ ನಿಂತವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಉಳಿದ ಅರ್ಧ ಸತ್ಯ ಬೇರೆ ಇದೆ. ಕನ್ನಡ ಸಾಹಿತ್ಯವನ್ನು ಒಂದು ಶತಮಾನ ಕಾಲ ತಿದ್ದಿ ತೀಡಿದವರ ಪಟ್ಟಿ ತೆಗೆಯಿರಿ. ಬಿ.ಎಂ.ಶ್ರೀ. ಇಂಗ್ಲಿಷ್ ಪ್ರೊಫೆಸರರು. ಆಕ್ಸ್‌ಫರ್ಡಿಗೆ ಹೋಗಿ ಬಂದ ಗೋಕಾಕರು ಇಂಗ್ಲಿಷ್ ಪ್ರೊಫೆಸರರು. ಅಡಿಗರು, ಲಂಕೇಶರು, ಶಾಂತಿನಾಥ ದೇಸಾಯಿಯವರು ಇಂಗ್ಲಿಷ್ ಮೇಷ್ಟ್ರುಗಳು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಿಂದ 1966ರಲ್ಲಿ ಪಿಎಚ್.ಡಿ. ತಂದವರು, 'ಸಂಸ್ಕಾರ' ಬರೆದದ್ದೂ ಅಲ್ಲಿ ಸಂಶೋಧನೆ ಮಾಡುತ್ತಿದ್ದಾಗಲೇ. ನಮ್ಮ ಧಾರವಾಡದಲ್ಲೇ 'ಸಂಕ್ರಮಣ' ನಡೆಸಿ ಬಂಡಾಯದ ಮಾತಾಡಿದ ಚಂಪಾ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದು ಇಂಗ್ಲಿಷು. ಅದೇ ವಿಶ್ವವಿದ್ಯಾಲಯದ ಎಂ.ಕೆ. ನಾಯಕರು ಬರೆದ ಭಾರತೀಯ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು 1982ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಅಂದರೆ ಇಂಗ್ಲಿಷ್ ವಿಭಾಗ ಬರೀ ಇಂಗ್ಲಿಷ್ ಕಲಿಸುವ ಜಾಗ ಆಗಿರಲಿಲ್ಲ. ಕನ್ನಡದಲ್ಲಿ ಯಾವುದು ಶ್ರೇಷ್ಠ, ಯಾವುದು ಕನಿಷ್ಠ ಎಂದು ತೂಕ ಮಾಡುವ ತಕ್ಕಡಿ ಅಲ್ಲಿತ್ತು. ನಮ್ಮವರ ಹಾದಿ ನೋಡಿರಿ. ಬಿ. ಕೃಷ್ಣಪ್ಪನವರು ಕನ್ನಡ ಅಧ್ಯಾಪಕರು. ಸಿದ್ಧಲಿಂಗಯ್ಯನವರು ಕನ್ನಡ ಪ್ರಾಧ್ಯಾಪಕರು. ಅರವಿಂದ ಮಾಲಗತ್ತಿಯವರೂ ಅಷ್ಟೇ. ಆ ಬಾಗಿಲಿನಿಂದ ನಾವು ದೊಡ್ಡ ಸಾಹಿತ್ಯವನ್ನೇ ತಂದೆವು. ತಕ್ಕಡಿ ಇರುವ ಮನೆಯ ಬಾಗಿಲು ಮಾತ್ರ ನಮಗೆ ಇನ್ನೂ ಅರ್ಧವೇ ತೆರೆದಿದೆ.

ಬಸವಲಿಂಗಪ್ಪನವರನ್ನು ಮರೆಯಬಾರದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವಿದೆ ಎಂದರು, ದಲಿತ ಹುಡುಗರು ಇಂಗ್ಲಿಷ್ ಕಲಿಯಲಿ ಎಂದರು. ನಾಡಿಗೆ ಬೆಂಕಿ ಬಿತ್ತು. ಹಾಸ್ಟೆಲಿನ ನಮ್ಮ ಹುಡುಗರು ಪೆಟ್ಟು ತಿಂದರು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಮೇಲ್ಜಾತಿಯ ಹುಡುಗ ಇಂಗ್ಲಿಷ್ ಕಲಿತು ವಿಲಾಯತಿಗೆ ಹೋದರೆ ಊರಿಗೆ ಕೀರ್ತಿ, ದಲಿತ ಮಂತ್ರಿ ಇಂಗ್ಲಿಷ್ ಕಲಿಯಿರಿ ಎಂದರೆ ಕನ್ನಡದ್ರೋಹ! ಬೂಸಾ ಎಂಬ ಮಾತು ಸರಿಯೋ ತಪ್ಪೋ ಎಂಬ ಚರ್ಚೆ ಐವತ್ತು ವರ್ಷ ನಡೆದಿದೆ, ಇನ್ನೂ ನಡೆಯಲಿ. ಆತ ಹೇಳಿದ ಎರಡನೆಯ ಮಾತನ್ನು ನಡೆಸಿಕೊಡುವ ಕೆಲಸ ಬಾಕಿ ಇದೆ.

ಇನ್ನು ಸಂಶೋಧನೆ ಎಂದರೆ ಏನು ಮಾಡುವುದು? ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ನಮ್ಮ ಹುಡುಗ ಇಂಗ್ಲಿಷ್ ವಿಭಾಗಕ್ಕೆ ಹೋದ ಕೂಡಲೆ, "ನೀನು ದಲಿತ ಆತ್ಮಕಥೆಗಳ ಮೇಲೆ ಮಾಡಪ್ಪಾ, ನಿನಗೆ ಸುಲಭ" ಎಂದು ಹೇಳುವ ರೂಢಿ ಬಿದ್ದಿದೆ. ಹೇಳುವವರಲ್ಲಿ ಪ್ರೀತಿಯಿಂದ ಹೇಳುವವರೂ ಇದ್ದಾರೆ. ಆದರೆ ಇದು ಊರಲ್ಲಿ ಕೇರಿ ಹಾಕಿದ ಹಾಗೆ ಲೈಬ್ರರಿಯಲ್ಲೂ ಕೇರಿ ಹಾಕುವುದೇ. ಷೇಕ್ಸ್‌ಪಿಯರ್ ಅವರಿಗೆ, ನೋವು ನಮಗೆ. ಟೋನಿ ಮಾರಿಸನ್ ಎಂಬ ಕರಿಯ ಹೆಣ್ಣುಮಗಳು 1955ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಎಂ.ಎ. ಪ್ರಬಂಧ ಬರೆದದ್ದು ವರ್ಜೀನಿಯಾ ವುಲ್ಫ್ ಮತ್ತು ಫಾಕ್ನರ್ ಎಂಬ ಇಬ್ಬರು ಬಿಳಿಯ ಲೇಖಕರ ಮೇಲೆ. ಮುಂದೆ ನೊಬೆಲ್ ಬಹುಮಾನ ಪಡೆಯುವ ಮೊದಲಿನ ವರ್ಷ, 1992ರಲ್ಲಿ, ಅದೇ ಹೆಣ್ಣುಮಗಳು ಒಂದು ಸಣ್ಣ ಪುಸ್ತಕ ಬರೆದು, ಬಿಳಿಯರ ಸಾಹಿತ್ಯದ ಒಳಗೆಲ್ಲ ಕರಿಯರ ನೆರಳು ಹೇಗೆ ಬಿದ್ದಿದೆ, ಅದನ್ನು ವಿಮರ್ಶಕರು ಹೇಗೆ ನೋಡದೆ ಬಿಟ್ಟರು ಎಂದು ತೋರಿಸಿದಳು. ಬಿಳಿಯರ ಪುಸ್ತಕವನ್ನು ಬಿಳಿಯರಿಗಿಂತ ಚೆನ್ನಾಗಿ ಓದಿದಳು. ನಮಗೆ ಬೇಕಾದದ್ದು ಈ ಓದು.

ನಮ್ಮ ಎಂ.ಎ. ತರಗತಿಗಳಲ್ಲಿ ಬಹಳ ವರ್ಷಗಳಿಂದ ಕಲಿಸುವ ಪುಸ್ತಕಗಳನ್ನೇ ತೆಗೆದುಕೊಳ್ಳಿರಿ. ರಾಜಾರಾಯರ 'ಕಾಂತಾಪುರ', 1938ರದು. ಕನ್ನಡ ನಾಡಿನದೇ ಹಳ್ಳಿ. ಅದರಲ್ಲಿ ಬ್ರಾಹ್ಮಣರ ಬೀದಿ ಇದೆ, ಕುಂಬಾರರ ಬೀದಿ, ನೇಕಾರರ ಬೀದಿ ಇದೆ, ಹೊಲಗೇರಿಯೂ ಇದೆ. ಕತೆ ಹೇಳುವವಳು ಬ್ರಾಹ್ಮಣರ ಬೀದಿಯ ಮುದುಕಿ. ಗಾಂಧೀ ಶಿಷ್ಯ ಮೂರ್ತಿ ಹೊಲಗೇರಿಯ ಮನೆಯೊಳಕ್ಕೆ ಹೋಗುತ್ತಾನೆ, ಮೈ ನಡುಗುತ್ತದೆ, ಕೊಟ್ಟ ಹಾಲನ್ನು ಕಷ್ಟಪಟ್ಟು ಬಾಯಿಗೆ ಮುಟ್ಟಿಸುತ್ತಾನೆ. ವಾಪಸು ಬಂದ ಮೇಲೆ ಜನಿವಾರ ಬದಲಿಸುವ ಮಾತು ಬರುತ್ತದೆ, ಗಂಗಾಜಲ ಬರುತ್ತದೆ. ಇದನ್ನು ನೂರು ಜನ ಪ್ರೊಫೆಸರರು ಮೂರ್ತಿಯ ಅಂತರಂಗದ ಹೋರಾಟ ಎಂದು ಪಾಠ ಮಾಡಿದ್ದಾರೆ. ಹಾಲು ಕೊಟ್ಟ ಹೆಣ್ಣುಮಗಳ ಅಂತರಂಗದಲ್ಲಿ ಏನು ನಡೆಯಿತು? ಆ ಮುದುಕಿಯ ಕಣ್ಣಿಗೆ ಅದು ಕಾಣುವುದಿಲ್ಲ. ಅಣ್ಣಿಗೇರಿಯ ಓಣಿಯಿಂದ ಹೋದ ಹುಡುಗಿಗೆ ಅದು ಮೊದಲು ಕಾಣುತ್ತದೆ. ಅಲ್ಲಿಂದ ಒಂದು ಪ್ರಬಂಧ ಶುರುವಾಗುತ್ತದೆ.

'ಸಂಸ್ಕಾರ'ವನ್ನು ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದರು. ಅಗ್ರಹಾರದಲ್ಲಿ ಒಂದು ಹೆಣದ ಬಗ್ಗೆ ಶಾಸ್ತ್ರದ ಜಿಜ್ಞಾಸೆ ನಡೆದಿರುವಾಗ ಬೆಳ್ಳಿಯ ಕೇರಿಯಲ್ಲಿ ಜನ ಸಾಯುತ್ತಾರೆ, ಗುಡಿಸಲಿಗೆ ಬೆಂಕಿ ಇಟ್ಟು ಮುಗಿಸುತ್ತಾರೆ. ಅಲ್ಲಿ ಶಾಸ್ತ್ರ ಕೇಳುವವರಿಲ್ಲ. ಬರೆದವರಿಗೆ ಇದು ಗೊತ್ತಿತ್ತು, ಅದಕ್ಕೇ ಬರೆದರು. ಆದರೆ ಪಾಠ ಹೇಳುವವರು ಪ್ರಾಣೇಶಾಚಾರ್ಯನ ಹಿಂದೆಯೇ ಹೋದರು. ಮುಲ್ಕರಾಜ ಆನಂದರ 'ಅನ್‌ಟಚಬಲ್' 1935ರಲ್ಲಿ ಬಂತು, ಜಾಡಮಾಲಿ ಬಾಖಾನ ಒಂದು ದಿನದ ಕತೆ. ಒಳ್ಳೆಯ ಮನಸ್ಸಿನ ಪುಸ್ತಕ. ಮುಂದಿನ ವರ್ಷವೇ, 1936ರಲ್ಲಿ, ಬಾಬಾಸಾಹೇಬರು ಜಾತಿವಿನಾಶದ ಭಾಷಣವನ್ನು ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿದರು. ಎರಡನ್ನೂ ಪಕ್ಕದಲ್ಲಿ ಇಟ್ಟು ಓದಿರಿ. ಒಂದರಲ್ಲಿ ಅಸ್ಪೃಶ್ಯ ಕೇಳಿಸಿಕೊಳ್ಳುತ್ತಾನೆ, ಇನ್ನೊಂದರಲ್ಲಿ ಮಾತಾಡುತ್ತಾನೆ. ಆ ಇಂಗ್ಲಿಷ್ ಗದ್ಯದ ಕಸುವನ್ನು ಗದ್ಯವೆಂದು ನೋಡಿ, ವಾಕ್ಯ ವಾಕ್ಯ ಬಿಡಿಸಿ ತೋರಿಸುವ ಕೆಲಸಕ್ಕೆ ಇಂಗ್ಲಿಷ್ ಸಾಹಿತ್ಯದವನೇ ಬೇಕು. ಅರ್ಥಶಾಸ್ತ್ರದವನಿಂದ, ಕಾಯ್ದೆಯವನಿಂದ ಆಗುವುದಿಲ್ಲ.

ಅನುವಾದದ ಕೆಲಸವೂ ಇದೆ. ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು, ಇಂಗ್ಲಿಷಿಗೆ 2007ರಲ್ಲಿ ಹೋಯಿತು. ದೇವನೂರರ 'ಕುಸುಮಬಾಲೆ' 2015ರಲ್ಲಿ ಹೋಯಿತು. ನಮ್ಮ ಕಡೆಯ ಮಾತು ಹೋಗುವುದು ಇನ್ನೂ ಬಹಳ ಉಳಿದಿದೆ. ಹಲಗಿ ಬಡಿದವನಿಗೆ, ಊರ ಚಾಕರಿ ಮಾಡಿದವನಿಗೆ ಸುಗ್ಗಿಯಲ್ಲಿ ಕೊಡುತ್ತಿದ್ದ 'ಆಯ' ಎಂಬ ಎರಡಕ್ಷರವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ? ಕೂಲಿ ಎಂದರೆ ತಪ್ಪು. ದಾನ ಎಂದರೆ ಅದಕ್ಕಿಂತ ದೊಡ್ಡ ತಪ್ಪು. ಆ ಎರಡರ ನಡುವೆ ನಮ್ಮ ಅಜ್ಜ ಮುತ್ತಜ್ಜರ ಜೀವಮಾನವೆಲ್ಲ ಕಳೆದಿದೆ. ಇದು ಭಾಷಾಂತರ ಶಾಸ್ತ್ರದ ಪ್ರಶ್ನೆ, ಎರಿ ಹೊಲದ ಕಣದಲ್ಲಿ ಹುಟ್ಟಿದ ಪ್ರಶ್ನೆ. ಲಂಡನ್ನಿನವರಿಗೂ ಉತ್ತರ ಗೊತ್ತಿಲ್ಲ, ಬೆಂಗಳೂರಿನವರಿಗೂ ಗೊತ್ತಿಲ್ಲ.

ಈಗ ರೊಕ್ಕದ ಲೆಕ್ಕ, ಕಾಯ್ದೆಯ ಲೆಕ್ಕ. ಗಮನ ಕೊಟ್ಟು ಓದಿರಿ, ಓದಲು ಬಾರದವರಿಗೆ ಓದಿ ಹೇಳಿರಿ.

ಎನ್.ಇ.ಟಿ. ಪರೀಕ್ಷೆಯಲ್ಲಿ ಜೆ.ಆರ್.ಎಫ್. ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಏರಿಸಿದ ದರ. ಪರಿಶಿಷ್ಟ ಜಾತಿಯವರಿಗೆ 2005ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಶುರುವಾದ ಪ್ರತ್ಯೇಕ ಫೆಲೋಶಿಪ್ಪೂ ಇದೆ, ಈಗ ಅದನ್ನೂ ಎನ್.ಇ.ಟಿ. ಅಂಕದ ಮೇಲೆಯೇ ಕೊಡುತ್ತಾರೆ. ಅವ್ವನ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದು ಭಿಕ್ಷೆಯಲ್ಲ, ಸಂಶೋಧನೆ ಮಾಡುವ ಕೆಲಸಕ್ಕೆ ಸಂಬಳ. ಆದರೆ ಸಂಬಳ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ರೋಹಿತ್ ವೇಮುಲ 2016ರ ಜನವರಿ 17ರಂದು ಹೈದರಾಬಾದಿನಲ್ಲಿ ಪ್ರಾಣ ಬಿಟ್ಟಾಗ ಅವನ ಫೆಲೋಶಿಪ್ಪು ಏಳು ತಿಂಗಳದು ಬಾಕಿ ಇತ್ತು. ಮನೆಗೆ ಹಣ ಕಳಿಸಬೇಕಾದ ಹುಡುಗನಿಗೆ ಏಳು ತಿಂಗಳು ಎಂದರೆ ಏನೆಂದು ಫೈಲಿನ ಮೇಲೆ ಕೂತವರಿಗೆ ಗೊತ್ತಾಗುವುದಿಲ್ಲ.

ಪ್ರವೇಶದಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30 ತೂಕ. ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಸಾಕು, ಓಣಿ ಯಾವುದೆಂದು ಗೊತ್ತಾಗುತ್ತದೆ. ಆ 30ರ ಮೇಲೆ ಕಣ್ಣಿಡಬೇಕು. ಅಂಕಗಳನ್ನು ಬೇರೆ ಬೇರೆಯಾಗಿ, ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಲಿ ಎಂದು ಕೇಳುವುದು ನಮ್ಮ ಹಕ್ಕು.

ಅದಕ್ಕಿಂತ ದೊಡ್ಡ ಮೋಸ ಕಣ್ಣಿಗೆ ಕಾಣದೆ ನಡೆಯುತ್ತದೆ. ಯು.ಜಿ.ಸಿ. ನಿಯಮದಂತೆ ಒಬ್ಬ ಪ್ರೊಫೆಸರ್ ಎಂಟು ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ ಆರು ಜನರಿಗೆ, ಅಸಿಸ್ಟಂಟ್ ಪ್ರೊಫೆಸರ್ ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಅವರು ಖಾಯಂ ಅಧ್ಯಾಪಕರಾಗಿರಬೇಕು. ಅತಿಥಿ ಉಪನ್ಯಾಸಕರಿಗೆ ಆ ಅಧಿಕಾರವಿಲ್ಲ. ಈಗ ಲೆಕ್ಕ ಹಾಕಿರಿ. ಒಬ್ಬ ಪ್ರೊಫೆಸರು ನಿವೃತ್ತರಾದರು, ಸರಕಾರ ಆ ಜಾಗ ತುಂಬಲಿಲ್ಲ, ಅತಿಥಿಗಳನ್ನು ಹಾಕಿ ಪಾಠ ನಡೆಸಿತು ಎಂದರೆ ಎಂಟು ಸೀಟು ಹೋದವು. ಸೀಟೇ ಇಲ್ಲದ ಮೇಲೆ ಮೀಸಲಾತಿ ಎಲ್ಲಿಂದ? ಮೀಸಲಾತಿ ರದ್ದು ಮಾಡುತ್ತೇವೆ ಎಂದು ಯಾವ ಸರಕಾರವೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಖಾಲಿ ಕುರ್ಚಿಯೇ ಆ ಕೆಲಸ ಮಾಡುತ್ತದೆ.

2022ರ ಹೊಸ ನಿಯಮ ಎಂ.ಫಿಲ್. ಅನ್ನು ತೆಗೆದುಹಾಕಿತು. ಪಟ್ಟಣದ ಮಕ್ಕಳಿಗೆ ಇದರಿಂದ ನಷ್ಟವಿಲ್ಲ. ಕನ್ನಡ ಮಾಧ್ಯಮದಿಂದ, ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ಕಂಡವರಿಗೆ ಅದು ನಡುವಿನ ಮೆಟ್ಟಿಲಾಗಿತ್ತು. ಸಂಶೋಧನೆ ಹೇಗೆ ಮಾಡುವುದು, ಇಂಗ್ಲಿಷಿನಲ್ಲಿ ಇಪ್ಪತ್ತು ಪುಟ ಹೇಗೆ ಬರೆಯುವುದು ಎಂದು ಅಲ್ಲಿ ಕಲಿಯುತ್ತಿದ್ದರು. ಸರಕಾರಿ ಸಾಲೆಯಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಆಗ ಒಂದನೆಯ ತರಗತಿಗೆ ಕೂತ ಮಕ್ಕಳೇ ಈಗ ಎಂ.ಎ. ಮುಗಿಸಿ ಬರುತ್ತಿದ್ದಾರೆ. ಸರಿಯಾಗಿ ಇದೇ ಹೊತ್ತಿಗೆ ಮೆಟ್ಟಿಲು ಕಿತ್ತರು. ಅದರ ಬದಲು ವಿಭಾಗಗಳೇ ಒಂದು ವರ್ಷದ ಬರವಣಿಗೆ ತರಬೇತಿ ನಡೆಸಬೇಕು, ಫೀ ಇಲ್ಲದೆ ನಡೆಸಬೇಕು.

ಅದೇ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಅನುಕೂಲದ ಎರಡು ಮಾತಿವೆ. ಆರು ವರ್ಷದ ಅವಧಿಯ ಮೇಲೆ ಅವರಿಗೆ ಎರಡು ವರ್ಷ ಹೆಚ್ಚಿಗೆ ಸಿಗುತ್ತದೆ, 240 ದಿನ ಹೆರಿಗೆ ರಜೆಯೂ ಇದೆ. "ಲಗ್ನ ಆದಮ್ಯಾಲ ಯಾವ ಪಿಎಚ್.ಡಿ.?" ಎನ್ನುವ ಅಪ್ಪಂದಿರಿಗೆ, ಮಾವಂದಿರಿಗೆ ಇದನ್ನು ತೋರಿಸಿರಿ. ಹೊರದೇಶಕ್ಕೆ ಹೋಗಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಪರಿಶಿಷ್ಟರ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ನಿಯಮಾವಳಿಯಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ಅಧ್ಯಯನಗಳನ್ನು ಹೊರಗಿಟ್ಟರು. 1913ರಲ್ಲಿ ಬರೋಡೆಯ ಮಹಾರಾಜರ ವೇತನದ ಮೇಲೆ ಕೊಲಂಬಿಯಾಕ್ಕೆ ಹೋದ ಬಾಬಾಸಾಹೇಬರು ಅಲ್ಲಿ ಜಾತಿಯ ಮೇಲೆಯೇ ಪ್ರಬಂಧ ಓದಿದರು ಎಂಬುದನ್ನು ನೆನೆದರೆ, ಈ ನಿಯಮ ಯಾರಿಗೆ ಹೆದರಿ ಮಾಡಿದ್ದೆಂದು ತಿಳಿಯುತ್ತದೆ.

ನಮ್ಮವರಿಗೂ ಒಂದು ಕಟುವಾದ ಮಾತು ಹೇಳಬೇಕಾಗಿದೆ. ರೊಕ್ಕ ಕೊಟ್ಟರೆ ಪ್ರಬಂಧ ಬರೆದುಕೊಡುವ ದಂಧೆ ಯೂನಿವರ್ಸಿಟಿ ಊರುಗಳಲ್ಲೆಲ್ಲ ಇದೆ. ಯಾರದೋ ಪುಟ ಕಿತ್ತು ತಮ್ಮ ಹೆಸರು ಹಾಕುವವರಿದ್ದಾರೆ. ಮೇಲ್ಜಾತಿಯವರು ಮಾಡುವುದಿಲ್ಲವೇ ಎಂದು ಕೇಳಬೇಡಿರಿ. ಮಾಡುತ್ತಾರೆ, ಧಾರಾಳ ಮಾಡುತ್ತಾರೆ. ಅವರು ಸಿಕ್ಕಿಬಿದ್ದರೆ ಒಬ್ಬನ ಮಾನ ಹೋಗುತ್ತದೆ. ನಮ್ಮವನು ಸಿಕ್ಕಿಬಿದ್ದರೆ, ಮೀಸಲಾತಿಯವರ ಹಣೆಬರಹವೇ ಇಷ್ಟು ಎಂದು ಇಡೀ ಕೇರಿಯ ಮೇಲೆ ಹಾಕುತ್ತಾರೆ. 2018ರ ಕೃತಿಚೌರ್ಯ ನಿಯಮದ ಪ್ರಕಾರ ಶೇಕಡಾ 60ಕ್ಕಿಂತ ಹೆಚ್ಚು ನಕಲು ಕಂಡರೆ ನೋಂದಣಿಯೇ ರದ್ದು. ಅದಿರಲಿ. ಬರೆಯುವ ಹಕ್ಕಿಗಾಗಿ ಇಷ್ಟು ಕಾಲ ಹೊಡೆದಾಡಿ, ಆ ಹಕ್ಕು ಬಂದಾಗ ಬೇರೆಯವನ ಕೈಯಿಂದ ಬರೆಸುವುದು ಎಂಥ ಮಾತು?

ಇಂಗ್ಲಿಷ್ ಕಲಿತವರು ಕೇರಿಗೆ ಬರುವುದಿಲ್ಲ ಎಂಬ ದೂರನ್ನೂ ಕೇಳಿದ್ದೇವೆ. ಹುಬ್ಬಳ್ಳಿಯಲ್ಲಿ ಮನೆ ಮಾಡಿದ ಮೇಲೆ ಅಡ್ಡಹೆಸರು ಬದಲಿಸಿಕೊಂಡವರೂ ಉಂಟು. ಅವರನ್ನು ಬಯ್ದು ಹೊಟ್ಟೆ ತುಂಬಿಸಿಕೊಳ್ಳುವುದು ಬೇಡ. ಬಾಡಿಗೆ ಮನೆ ಕೊಡದ ಊರಲ್ಲಿ ಹೆಸರು ಮುಚ್ಚಿಕೊಂಡವನ ಮೇಲೆ ನಮಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

1928ರಲ್ಲಿ ಬಾಬಾಸಾಹೇಬರು ಕಟ್ಟಿದ ಶಿಕ್ಷಣ ಸಂಸ್ಥೆ ನಡೆಸುತ್ತಿದ್ದ ಹಾಸ್ಟೆಲುಗಳಲ್ಲಿ ಧಾರವಾಡದ್ದೂ ಒಂದು. ಪನವೇಲ, ಠಾಣೆ, ನಾಸಿಕ, ಪುಣೆಗಳ ಸಾಲಿನಲ್ಲಿ ನಮ್ಮ ಊರನ್ನೂ ಸೇರಿಸಿದ್ದರು. ಊಟ, ಹಾಸಿಗೆ, ದೀಪ ಇಷ್ಟಿದ್ದರೆ ಹುಡುಗ ಓದುತ್ತಾನೆ ಎಂಬುದು ಅವರ ಸರಳ ಲೆಕ್ಕ. ಆ ಲೆಕ್ಕವನ್ನು ನಾವೂ ಹಿಡಿಯೋಣ. ಪ್ರತಿ ತಾಲೂಕಿನ ಶಾಖೆಯವರು ತಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರ, ಮಾಡುತ್ತಿರುವವರ ಹೆಸರು ಬರೆದಿಡಲಿ. ಎನ್.ಇ.ಟಿ. ಅರ್ಜಿಯ ಫೀ ಕಟ್ಟಲಾಗದವರಿಗೆ ಶಾಖೆ ಕಟ್ಟಲಿ. ಆಗಲೇ ಪಿಎಚ್.ಡಿ. ಮುಗಿಸಿದವರು, ಕಾಲೇಜಿನಲ್ಲಿ ಕೆಲಸದಲ್ಲಿರುವವರು, ತಿಂಗಳಿಗೆ ಎರಡು ಭಾನುವಾರ ಬಿಡುವು ಮಾಡಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ತೋರಿಸಲಿ, ಸಂಶೋಧನಾ ಪ್ರಸ್ತಾವ ಬರೆಯುವುದು ಹೇಗೆಂದು ಕೈಹಿಡಿದು ಕಲಿಸಲಿ. ವಿಶ್ವವಿದ್ಯಾಲಯಗಳು ಪ್ರತಿ ಮಾರ್ಗದರ್ಶಕರ ಹತ್ತಿರ ಎಷ್ಟು ಸೀಟು ಖಾಲಿ, ರೋಸ್ಟರಿನಲ್ಲಿ ಯಾವ ಬಿಂದು ಯಾರಿಗೆ ಎಂದು ಅರ್ಜಿ ಕರೆಯುವ ಮೊದಲೇ ಪ್ರಕಟಿಸಲಿ. ಪ್ರಕಟಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು, ಬರೆಯಲು ಗೊತ್ತಿಲ್ಲದವರು ಈ ಸಂಚಿಕೆ ಮಾರುವ ಕಾರ್ಯಕರ್ತರನ್ನು ಕೇಳಲಿ, ಅವರೇ ಕೂತು ಬರೆದುಕೊಡುತ್ತಾರೆ.